ನಂದಿ ಏಳು

ನಮ್ಮೂರ ಟಾಕೀಸಿನ ಬಾಗಿಲಿಗೆ ಬೀಗವಿಲ್ಲ, ಚಿಲಕವೂ ಇಲ್ಲ. ಆದರೂ ಸಿನಿಮಾ ಮುಗಿದ ಮೇಲೆ ಒಳಗಿದ್ದವರೆಲ್ಲ ಒಂದೇ ಮಾತು ಹೇಳುವ ತನಕ ಅದು ತೆರೆಯುವುದಿಲ್ಲ. ಪರವೂರಿನವರು ಇದನ್ನು ಕೇಳಿ ನಗುತ್ತಾರೆ, ಒಂದು ಸಲ ಒಳಗೆ ಕೂತು ಬಂದ ಮೇಲೆ ಸುಮ್ಮನಾಗುತ್ತಾರೆ. ನಮ್ಮ ಅಜ್ಜಂದಿರ ಕಾಲದಲ್ಲಿ ಇದರಿಂದ ಬಹಳ ಫಜೀತಿ ಆಗುತ್ತಿತ್ತಂತೆ. ಒಬ್ಬ ಚೆನ್ನಾಗಿದೆ ಅನ್ನುವುದು, ಇನ್ನೊಬ್ಬ ದರಿದ್ರ ಅನ್ನುವುದು, ಮನೆಯಲ್ಲಿ ಹಾಲು ಕರೆಯುವ ಹೊತ್ತು ಮೀರಿ ಎಮ್ಮೆ ಅರಚಿಕೊಂಡರೂ ಇವರು ಒಳಗೇ ಕೂತು ವಾದ ಮಾಡುವುದು. ಆಮೇಲೆ ಯಾರೋ ಪುಣ್ಯಾತ್ಮರು 'ಪರವಾಗಿಲ್ಲ' ಅನ್ನುವ ಮಾತನ್ನು ಕಂಡುಹಿಡಿದರು. ಎಂಥ ಸಿನಿಮಾಕ್ಕೂ ಒಪ್ಪುವ ಮಾತು. ಈಗ ತೆರೆಯ ಮೇಲೆ 'ಶುಭಂ' ಬೀಳುತ್ತಿದ್ದ ಹಾಗೆ ಎಲ್ಲರೂ ಕಾಲಲ್ಲೇ ಚಪ್ಪಲಿ ಹುಡುಕುತ್ತ 'ಪರವಾಗಿಲ್ಲ' ಅನ್ನುತ್ತಾರೆ, ಬಾಗಿಲು ತೆರೆಯುತ್ತದೆ. ಮ್ಯಾನೇಜರು ಇಮಾಮ್ ಸಾಬರು ಹೊರಗಿನ ಕರಿಹಲಗೆಯಲ್ಲಿ ಸಿನಿಮಾದ ಹೆಸರಿನ ಮುಂದೆ ಆ ಮಾತನ್ನು ಬರೆಯಬೇಕು. ಅವರು ಅದನ್ನು ಅಳಿಸಿ ಬರೆಯುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಬದಲಾಯಿಸುತ್ತಾರೆ.

ಮಾತು ಟಾಕೀಸಿನಲ್ಲೇ ಉಳಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದು ಊರೆಲ್ಲ ಹಬ್ಬಿಕೊಂಡಿತು. ನಾನು ಮೆಸ್ ನಡೆಸುವವಳು. ಶಾಂತವೀರಮ್ಮ ಅಂತ ಹೆಸರು, ಉಣ್ಣಲು ಬರುವವರಿಗೆಲ್ಲ ವೀರಕ್ಕ. ಬೆಳಗಾಗೆದ್ದು ಬೇಯಿಸುತ್ತೇನೆ, ಬಡಿಸುತ್ತೇನೆ, ಬಾಗಿಲಲ್ಲಿ ಕಂಡವರನ್ನೆಲ್ಲ 'ಊಟ ಆಯ್ತಾ?' ಅಂತ ಕೇಳುತ್ತೇನೆ. ಉಂಡು ಎದ್ದವರನ್ನು 'ಸಾರು ಹೇಗಿತ್ರೀ?' ಅಂದರೆ, ಡ್ರಾಯಿಂಗ್ ಮೇಷ್ಟ್ರು ಪುಟ್ಟರಂಗಪ್ಪನವರಿಂದ ಹಿಡಿದು ಬಸ್ ಸ್ಟ್ಯಾಂಡಿನ ಕಂಟ್ರೋಲರ್ ತನಕ ಎಲ್ಲರೂ ಕೈ ಒರೆಸಿಕೊಳ್ಳುತ್ತ 'ಪರವಾಗಿಲ್ಲ ವೀರಕ್ಕ' ಅನ್ನುತ್ತಾರೆ. ನನ್ನ ಗಂಡ ಹೋದಾಗ ಮನೆ ತುಂಬ ಬಂದ ಜನವೂ ಅದನ್ನೇ ಅಂದಿತು: 'ಪರವಾಗಿಲ್ಲ, ಧೈರ್ಯ ತಂದ್ಕಳಮ್ಮ.' ಆವತ್ತು ಅವರ ಮೇಲೆ ಸಿಟ್ಟು ಬಂದಿತ್ತು, ನುಂಗಿಕೊಂಡೆ.

ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರವೂ ಟಾಕೀಸಿನಲ್ಲೇ. ಎರಡೂ ಕಡೆಯವರು ಭಾನುವಾರ ಬೆಳಗಿನ ಆಟಕ್ಕೆ ಉಪವಾಸ ಬಂದು ಒಟ್ಟಿಗೆ ಕೂರುತ್ತಾರೆ. ಸಿನಿಮಾ ಆರಿಸುವುದು ಹೆಣ್ಣಿನ ಕಡೆಯವರು. ಬಾಗಿಲು ತೆರೆದರೆ ಸಂಬಂಧ ಕೂಡಿತು ಅಂತ ಲೆಕ್ಕ, ಹೆಣ್ಣಿನ ಮನೆಗೆ ಹೋಗಿ ಹೋಳಿಗೆ ಉಣ್ಣುತ್ತಾರೆ. ದೀಪ ಹಚ್ಚುವ ಹೊತ್ತಾದರೂ ತೆರೆಯದಿದ್ದರೆ ಸಂಬಂಧ ಮುರಿದ ಹಾಗೆ. ಅಂಥ ಹುಡುಗಿಯ ಜೊತೆ ಕೂತು ಸಿನಿಮಾ ನೋಡಲು ಆಮೇಲೆ ಯಾರೂ ಬರುವುದಿಲ್ಲ. ಹಾಗಾದದ್ದು ನನಗೆ ತಿಳಿದಂತೆ ಒಬ್ಬಳಿಗೇ. ಅವಳು ಈಗಲೂ ಅಣ್ಣನ ಮನೆಯಲ್ಲಿ ಪಾತ್ರೆ ತಿಕ್ಕಿಕೊಂಡಿದ್ದಾಳೆ.

ನನ್ನ ಮಗಳು ದಾಕ್ಷಾಯಿಣಿಗೆ ನೋಡಿದ್ದ ಹುಡುಗ ವೃಷಭೇಂದ್ರ. ಮಿಕ್ಸಿ, ಗ್ರೈಂಡರ್ ರಿಪೇರಿ ಮಾಡುತ್ತಾನೆ. ಒಂದು ದಿನ ನಮ್ಮ ಗ್ರೈಂಡರ್ ಸರಿಮಾಡಲು ಬಂದವನನ್ನು ಊಟಕ್ಕೆ ಕೂರಿಸಿದೆ. 'ಸಾರು ಹೇಗಿತ್ತಪ್ಪ?' ಅಂದರೆ ಅವನು ಸ್ವಲ್ಪ ಯೋಚನೆ ಮಾಡಿ, 'ಒಂಚೂರು ಉಪ್ಪು ಕಮ್ಮಿ ಆಯ್ತಕ್ಕ' ಅಂದ. ಹತ್ತಾರು ಜನ ಉಣ್ಣುತ್ತಿದ್ದವರು ಕೈಯಲ್ಲಿ ತುತ್ತು ಹಿಡಿದು ಅವನನ್ನೇ ನೋಡಿದರು. ಒಳಗಿದ್ದ ದಾಕ್ಷಿ ಕಿಸಕ್ಕನೆ ನಕ್ಕಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಹುಡುಗ ಮಾತ್ರ ಮನಸ್ಸಿಗೆ ಹಿಡಿಸಿಬಿಟ್ಟ. ಅಲ್ಲಿಂದಾಚೆ ನಮ್ಮ ಗ್ರೈಂಡರ್ ವಾರ ವಾರ ಕೆಡತೊಡಗಿತು. ಯಾರು ಕೆಡಿಸುತ್ತಿದ್ದಾರೆ ಅನ್ನುವುದು ತಾಯಿಗೆ ತಿಳಿಯದೇ ಇರುತ್ತದೆಯೇ.

ಹುಡುಗನ ತಾಯಿ ಸರ್ವಮಂಗಳಮ್ಮನವರದು ಮಾತು ಕಮ್ಮಿ. ತಂದೆ ಚನ್ನವೀರಪ್ಪನವರದೇ ಕಷ್ಟ. ತಾಲ್ಲೂಕು ಕಚೇರಿಯಲ್ಲಿದ್ದು ರಿಟೈರಾದವರು, ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಮಗನ ಹೆಸರಿನ ವಿಷಯಕ್ಕೆ ಯಾರೂ ಹೋಗಬಾರದು. ಅವನು ಸ್ಕೂಲಿನಲ್ಲಿದ್ದಾಗ ಹುಡುಗರು 'ಎತ್ತು, ಎತ್ತು' ಅಂತ ಛೇಡಿಸಿದ್ದಕ್ಕೆ ಇವರು ಹೆಡ್‌ಮಾಸ್ಟರ್ ಕೋಣೆಗೇ ನುಗ್ಗಿ ರಂಪ ಮಾಡಿದ್ದರಂತೆ. ಅಂಥವರನ್ನು ಒಲಿಸಿಕೊಳ್ಳಲು ಯಾವ ಸಿನಿಮಾ ಆರಿಸಲಿ ಅಂತ ತಲೆ ಕೆಡಿಸಿಕೊಂಡಿದ್ದಾಗ ಟಾಕೀಸಿನ ಗೋಡೆಯಲ್ಲಿ ಹೊಸ ಪೋಸ್ಟರ್ ಕಂಡಿತು. ಆಕಾಶದ ತುಂಬ ನಕ್ಷತ್ರ, ನಡುವೆ ಬಿಳಿ ಎತ್ತು, ಅದರ ತಲೆಯ ಸುತ್ತ ಹೊಳೆಯುವ ಪ್ರಭಾವಳಿ. ಕೆಳಗೆ 'ನಂದಿ ಏಳು' ಅಂತ ದೊಡ್ಡ ಅಕ್ಷರ. ಶಿವನು ನಂದಿಯನ್ನು ಎಬ್ಬಿಸುವ ಭಕ್ತಿ ಚಿತ್ರ, ವೃಷಭೇಂದ್ರ ಅಂದರೂ ನಂದಿಯೇ ಅಲ್ಲವೇ, ಇದಕ್ಕಿಂತ ಗೌರವ ಬೇಕೇ ಅಂದುಕೊಂಡು ಖುಷಿಯಾಗಿ ಟಿಕೆಟ್ ತೆಗೆಸಿದೆ.

ತೆರೆ ಬೆಳಗಿದ ಕೂಡಲೇ ನನ್ನ ತಪ್ಪು ತಿಳಿಯಿತು. ನಂದಿ ಏಳು ಅಂದರೆ ಏಳನೆಯ ನಂದಿ. ನಂದಿ ಅನ್ನುವುದು ರಾಕೆಟ್ಟಿನ ಹೆಸರು. ಪ್ರಭಾವಳಿ ಅಂದುಕೊಂಡದ್ದು ಎತ್ತಿನ ತಲೆಗೆ ಹಾಕಿದ್ದ ಗಾಜಿನ ಬುರುಡೆ. ಆ ರಾಕೆಟ್ಟಿನ ತುಂಬ ಅಧಿಕಾರಿಗಳು. ಅದರ ಬ್ರೇಕು ಕೆಟ್ಟಿದೆ, ನೇರ ಸೂರ್ಯನ ಕಡೆಗೆ ಹೋಗುತ್ತಿದೆ. ಬ್ರೇಕು ಎಳೆಯುವ ಅಧಿಕಾರ ಯಾರದು ಅಂತ ತೀರ್ಮಾನಿಸಲು ಮೀಟಿಂಗ್ ಮೇಲೆ ಮೀಟಿಂಗ್. ಟೇಬಲ್ಲು ಹೊಗೆಯಾಡುತ್ತದೆ, ಒಬ್ಬರ ಟೈಗೆ ಬೆಂಕಿ ಹತ್ತುತ್ತದೆ. ಅವರು ಅದನ್ನು ಲೋಟದ ನೀರಿನಲ್ಲಿ ಅದ್ದಿಕೊಂಡು 'ಸೆಕೆ ಮಾಮೂಲಾಗಿದೆ' ಅಂತ ಠರಾವು ಪಾಸು ಮಾಡುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಪ್ರಯೋಗಕ್ಕೆಂದು ತಂದ ಆ ಎತ್ತು ಮಾತ್ರ ಬುರುಡೆ ಹಾಕಿಕೊಂಡು ಒಬ್ಬೊಬ್ಬರ ಹತ್ತಿರವೂ ಹೋಗಿ, 'ಊಟ ಆಯ್ತಾ?' ಅಂತ ಕೇಳುತ್ತದೆ. ಯಾರೂ ಉತ್ತರ ಕೊಡುವುದಿಲ್ಲ. 'ಮೀಟಿಂಗಲ್ಲಿದೀವಿ, ಕಾಣಲ್ವಾ' ಅಂತ ಗದರಿಸುತ್ತಾರೆ. ಅದು ತಲೆ ತಗ್ಗಿಸಿ ಮುಂದಿನವರ ಹತ್ತಿರ ಹೋಗುತ್ತದೆ. ಕೊನೆಗೆ ಎಲ್ಲರೂ ಕೂತಲ್ಲೇ ಬೂದಿಯಾದ ಮೇಲೆ ಎತ್ತೊಂದೇ ಉಳಿದು, ಕಿಟಕಿಯ ಕೆಂಪು ಬೆಳಕಿನಲ್ಲಿ ನಮ್ಮ ಕಡೆಗೆ ತಿರುಗಿ, ಮೆಲ್ಲಗೆ, 'ಊಟ ಆಯ್ತಾ?' ಅಂದಿತು. ಅಷ್ಟೇ. ಶುಭಂ ಕೂಡ ಬೀಳಲಿಲ್ಲ, ದೀಪ ಹತ್ತಿಕೊಂಡಿತು.

ಟಾಕೀಸಿನ ತುಂಬ ಸಂತೆಯಂತೆ ಗಲಾಟೆ. 'ಏನ್ರೀ ಇದು, ತಲೆಬುಡ ಇಲ್ಲ!' 'ಎತ್ತಿಗೆ ಯಾರು ಡಬ್ಬಿಂಗ್ ಮಾಡಿರೋದು?' 'ಸೂರ್ಯನ ಹತ್ರ ಹೋದ್ರೆ ಹೊಗೆ ಬರಲ್ಲ ಕಣ್ರೀ, ತಪ್ಪು ತೋರ್ಸಿದಾರೆ.' ಮುಂದಿನ ಬೆಂಚಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹಿಂದೆ ಒಬ್ಬ ಅಜ್ಜ ಪ್ರಳಯ ಬಂತು ಅಂತ ಜಪ ಶುರುಮಾಡಿದ್ದ. ಪುಟ್ಟರಂಗಪ್ಪ ಮೇಷ್ಟ್ರು ಕುರ್ಚಿ ಹತ್ತಿ ನಿಂತು, 'ಇದು ವಿಡಂಬನೆ ಕಣ್ರೀ, ಸರ್ಕಾರಾನ ಆಡ್ಕೊಂಡಿರೋದು, ಇದರಲ್ಲಿ ಬಹಳ ಅರ್ಥ ಐತೆ' ಅಂದರು. 'ಹಂಗಾದ್ರೆ ಎತ್ತು ಯಾರು ಮೇಷ್ಟ್ರೇ?' ಅಂತ ಯಾರೋ ಕೇಳಿದರು.

'ಎತ್ತು ಯಾರು ಅಂತ ನಾನು ಹೇಳ್ತೀನಿ' ಅಂತ ಎದ್ದವರು ಚನ್ನವೀರಪ್ಪನವರು. ಮುಖ ಕೆಂಪಗಾಗಿತ್ತು. 'ಈ ಸಿನಿಮಾ ಆರಿಸಿದ್ದು ಯಾರು? ನನ್ನ ಮಗನ ಹೆಸರು ಗೊತ್ತಿದ್ದೂ ಗೊತ್ತಿದ್ದೂ ಎತ್ತಿನ ಸಿನಿಮಾ! ಕಂಡಕಂಡೋರ ಹತ್ರ ಹೋಗಿ ಊಟ ಆಯ್ತಾ ಅಂತ ಅಂಗಲಾಚೋ ಎತ್ತು! ನಾವೇನು ಊಟಕ್ಕೆ ಗತಿಯಿಲ್ದೆ ಬಂದಿದೀವಾ?' ನಾನು ಕೈಮುಗಿದು, 'ಅಯ್ಯೋ ಯಜಮಾನ್ರೇ, ಭಕ್ತಿ ಚಿತ್ರ ಅಂದ್ಕಂಡೆ, ತಲೆ ಸುತ್ತ ಪ್ರಭಾವಳಿ ಇತ್ತು' ಅಂದೆ. ಸುತ್ತಲಿದ್ದವರು ನಕ್ಕರು. ಅವರ ಕೋಪ ಇನ್ನಷ್ಟು ಏರಿತು. ವೃಷಭೇಂದ್ರ, 'ಅಪ್ಪಾಜಿ, ಕೂತ್ಕಳಿ, ಎತ್ತು ಅಂದ್ರೆ ನನಗೇನೂ ಬೇಜಾರಿಲ್ಲ, ಅದೊಂದೇ ಕೊನೇ ತಂಕ ಬದುಕಿದ್ದು' ಅಂತ ಕೈ ಹಿಡಿದು ಕೂರಿಸಿದ.

ಅಷ್ಟರಲ್ಲಿ ಹೊರಗೆ ಮಧ್ಯಾಹ್ನದ ಆಟದವರು ಬಂದು ಬಾಗಿಲು ಬಡಿಯತೊಡಗಿದ್ದರು. ಟಿಕೆಟ್ ಕಿಂಡಿಯಿಂದ ಇಮಾಮ್ ಸಾಬರ ಗಡ್ಡ ಮಾತ್ರ ಕಂಡಿತು. 'ಏನ್ರಪ್ಪಾ, ಎಂದಿನಂಗೆ ಅಂದ್ಬಿಡ್ರೋ. ಯಾಕೆ ಹೊತ್ತು ಕಳೀತೀರಿ?' ಜನಕ್ಕೂ ಸಾಕಾಗಿತ್ತು. ನಕ್ಕವರು, ಬೈದವರು, ಜಪ ಮಾಡಿದ ಅಜ್ಜ, ಎಲ್ಲರೂ ಒಟ್ಟಿಗೆ 'ಪರವಾಗಿಲ್ಲ' ಅಂದರು. ಚನ್ನವೀರಪ್ಪನವರೂ ಹಲ್ಲು ಕಚ್ಚಿಕೊಂಡು ಅಂದರು. ಬಾಗಿಲು ಅಲುಗಾಡಲಿಲ್ಲ.

ಇನ್ನೊಮ್ಮೆ ಅಂದರು, ಕೂಗಿ ಅಂದರು. ಬಾಗಿಲು ಹಾಗೇ ಇತ್ತು. ಆಮೇಲೆ ಸಾಲು ಸಾಲಾಗಿ ನಿಲ್ಲಿಸಿ ಹೇಳಿಸಿದರು. ಕರೆಂಟು ಹೋಗಿ ಫ್ಯಾನು ನಿಂತವು, ಮಕ್ಕಳು ಅಳತೊಡಗಿದವು, ಗಂಡಸರು ಬಾಗಿಲಿಗೂ ತೆರೆಗೂ ಶತಪಥ ಹಾಕತೊಡಗಿದರು. ಬುಟ್ಟಿ ಹೊತ್ತು ಒಳಗೇ ಸಿಕ್ಕಿಬಿದ್ದಿದ್ದ ಮಂಡಕ್ಕಿಯವನ ಬುಟ್ಟಿ ಇಂಟರ್‌ವಲ್ಲಿನಲ್ಲೇ ಖಾಲಿಯಾಗಿತ್ತು. 'ಯಾರೋ ಒಬ್ರು ಬಾಯಿ ಬಿಡ್ತಿಲ್ಲ' ಅಂತ ಒಬ್ಬ ಅಂದ. ಅಲ್ಲಿಂದ ಎಲ್ಲರೂ ಎಲ್ಲರ ತುಟಿಯನ್ನೂ ನೋಡಲು ಶುರುಮಾಡಿದರು. ಮೂಗನೊಬ್ಬನಿದ್ದಾನೆ ನಮ್ಮೂರಲ್ಲಿ, ಅವನು ಕೈಯಾಡಿಸಿ ಪರವಾಗಿಲ್ಲ ಅನ್ನುತ್ತಾನೆ, ಬಾಗಿಲು ಅದನ್ನು ಒಪ್ಪುತ್ತದೆ. ಪಾಪ, ಅವನನ್ನು ಹಿಡಿದು ಎಷ್ಟೋ ಸಲ ಅದನ್ನೇ ಮಾಡಿಸಿದರು.

ಬಾಯಿ ಬಿಡದವಳು ನಾನು.

ಬೇಕೆಂದೇ ಮಾಡಿದ್ದಲ್ಲ. ಮಗಳ ಬಾಳು ಆ ಬಾಗಿಲಿನಲ್ಲಿ ನಿಂತಿತ್ತು, ನನಗೇನು ಹುಚ್ಚೇ? ಪ್ರತಿ ಸಲವೂ ಎಲ್ಲರ ಜೊತೆ ತುಟಿ ಆಡಿಸಿದೆ, ಮಾತು ಮಾತ್ರ ಗಂಟಲಲ್ಲೇ ನಿಂತುಬಿಡುತ್ತಿತ್ತು. ಸಿನಿಮಾ ನನಗೆ ಅರ್ಥವಾಗಿರಲಿಲ್ಲ, ಚೆಂದವೂ ಅನ್ನಿಸಿರಲಿಲ್ಲ. ಆದರೆ ಕೊನೆಯಲ್ಲಿ ಆ ಪ್ರಾಣಿ ಕತ್ತು ತಿರುಗಿಸಿ ಕೇಳಿತಲ್ಲ, ಆಗ ಕಣ್ಣಲ್ಲಿ ಬಳಬಳ ನೀರು ಸುರಿದುಹೋಗಿತ್ತು. ದಿನಾ ಊರಿಗೆಲ್ಲ ನಾನು ಕೇಳುವ ಮಾತು ಅದು. ನನ್ನನ್ನು ಯಾರೂ ಕೇಳುವುದಿಲ್ಲ. ಅಡುಗೆ ಮಾಡುವವಳು ಉಂಡಿರುತ್ತಾಳೆ ಅಂದುಕೊಳ್ಳುತ್ತಾರೆ. ಎಲ್ಲರದೂ ಮುಗಿದ ಮೇಲೆ ತಳದಲ್ಲಿ ಉಳಿದ ಅನ್ನಕ್ಕೆ ಉಪ್ಪಿನಕಾಯಿ ಕಲಸಿ, ಒಲೆಯ ಮುಂದೆ ನಿಂತುಕೊಂಡೇ ತಿಂದು ಲೋಟ ಮಗುಚಿಡುತ್ತೇನೆ. ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟು ಆ ಎತ್ತಿನ ಮುಖಕ್ಕೆ 'ಪರವಾಗಿಲ್ಲ' ಅನ್ನುವುದು ಹೇಗೆ? ನನ್ನಿಂದಾಗಲಿಲ್ಲ.

ಮೇಲಿನ ಗವಾಕ್ಷಿಯ ಬಿಸಿಲು ಗೋಡೆ ಹತ್ತಿ ತೆಳ್ಳಗಾಗುತ್ತ ಬಂತು. ನನಗೆ ಕೂರಲೂ ಆಗದು, ನಿಲ್ಲಲೂ ಆಗದು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ದಾಕ್ಷಿ ನನ್ನನ್ನೇ ನೋಡುತ್ತಿದ್ದಳು. ಹತ್ತಿರ ಬಂದು ಕಿವಿಯಲ್ಲಿ, 'ಅವ್ವಾ, ನೀನಾ?' ಅಂದಳು. ಸುಳ್ಳು ಹೇಳಲು ಬರಲಿಲ್ಲ, ತಲೆಯಾಡಿಸಿದೆ. ಅವಳ ಮುಖ ಬಿಳುಚಿಕೊಂಡಿತು. 'ಒಂದೇ ಒಂದು ಸಲ ಅಂದ್ಬಿಡವ್ವಾ. ನಿನ್ನ ಕಾಲಿಗೆ ಬೀಳ್ತೀನಿ. ಕತ್ಲಾಗ್ತಾ ಐತೆ.' ಬಾಯಿ ತೆರೆದೆ, 'ಪ' ಅಂದೆ. ಮುಂದಕ್ಕೆ ಹೋಗಲಿಲ್ಲ. ಅವಳು ನನ್ನ ಕೈ ಬಿಟ್ಟು ಅತ್ತ ತಿರುಗಿ ನಿಂತಳು.

ಆಗಲೇ ಗಂಡಸರು ವೃಷಭೇಂದ್ರನನ್ನು ಸುತ್ತುಗಟ್ಟಿದ್ದರು. ಒಬ್ಬ ಅವನ ಶರ್ಟಿನ ಕೊರಳಪಟ್ಟಿಗೆ ಕೈ ಹಾಕಿ, 'ಇವನೇ ಕಣ್ರೀ, ಸಾರಿಗೆ ಉಪ್ಪು ಕಮ್ಮಿ ಅಂದೋನು! ಇವನ ಬಾಯಿ ಎಲ್ಲರಂಗಲ್ಲ' ಅಂದ. ದಾಕ್ಷಿ 'ಅವರಲ್ಲ!' ಅಂತ ಕಿರುಚಿದಳು. ಕಿರುಚಿದವಳು ನನ್ನ ಹೆಸರು ಹೇಳಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕುರ್ಚಿ ಹಿಡಿದುಕೊಂಡು ಎದ್ದು ನಿಂತೆ.

'ಆ ಹುಡುಗನ್ನ ಬಿಡ್ರೋ. ಅಂದಿಲ್ದೋಳು ನಾನು.'

ಬಿರುಗಾಳಿಯಂತೆ ಬೈಗುಳ ಬಂದವು. ವೀರಕ್ಕ, ನೀನಾ, ಮಗಳ ತಾಯಾಗಿ ನೀನಾ, ಮಕ್ಕಳು ಹಸ್ಕಂಡು ಸಾಯ್ತಾವೆ, ಕಣ್ಣಿಲ್ವಾ. ಚನ್ನವೀರಪ್ಪನವರು, 'ನಾ ಹೇಳ್ಲಿಲ್ವಾ, ಇವರಿಗೆ ಈ ಸಂಬಂಧಾನೇ ಬೇಕಿಲ್ಲ!' ಅಂತ ಶಲ್ಯ ಕೊಡವಿದರು. ನಾನು ಹೇಳಿದೆ, 'ಬೇಕು ಯಜಮಾನ್ರೇ, ಜೀವದಷ್ಟು ಬೇಕು. ಆದ್ರೆ ಆ ಎತ್ತು ನನ್ನ ಕೇಳ್ತು. ಊಟ ಆಯ್ತಾ ಅಂತ. ನನ್ನ ಗಂಡ ಹೋದ ಮೇಲೆ ಆ ಮಾತು ಕೇಳಿದ್ದು ಅದೊಂದೇ. ಅದಕ್ಕೆ ಪರವಾಗಿಲ್ಲ ಅನ್ನಾಕೆ ನಾಲಿಗೆ ಏಳ್ತಿಲ್ಲ, ನಾನೇನು ಮಾಡ್ಲಿ?' ಹೇಳುತ್ತ ಹೇಳುತ್ತ ಅಳು ಬಂತು. ಊರ ಮುಂದೆ ಅತ್ತೆನಲ್ಲ ಅಂತ ನಾಚಿಕೆಯೂ ಆಯಿತು. ಪುಟ್ಟರಂಗಪ್ಪ ಮೇಷ್ಟ್ರು ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡಿಕೊಂಡರು.

ಹುಡುಗನ ತಾಯಿ ಸರ್ವಮಂಗಳಮ್ಮ ಆಗ ಎದ್ದರು. ಕುರ್ಚಿಗಳ ಸಂದಿಯಲ್ಲಿ ಸೀರೆ ಎತ್ತಿ ಹಿಡಿದುಕೊಂಡು ಬಂದು ನನ್ನ ಎದುರಿಗೆ ನಿಂತರು. ಹೆಗಲ ಮೇಲೆ ಕೈಯಿಟ್ಟು, 'ವೀರಕ್ಕಾ, ಊಟ ಆಯ್ತಾ?' ಅಂದರು.

'ಇಲ್ಲ' ಅಂದೆ. ಅಂದ ಮೇಲೆ ಬಾಯಿ ಸುಮ್ಮನಿರುತ್ತದೆಯೇ, ರೂಢಿಯಾದದ್ದು. 'ನಿಮ್ದು?' ಅಂತ ಕೇಳಿದೆ. 'ಇಲ್ಲ' ಅಂದರು. ಕಣ್ಣೀರು ಒರೆಸಿಕೊಳ್ಳುತ್ತ ಪಕ್ಕದ ಸಾಲಿನವರನ್ನು ಕೇಳಿದೆ. ಅವರೂ ಇಲ್ಲ ಅಂದರು. ಆಮೇಲೆ ಮೆಸ್ಸಿನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಕೂಗುವ ನನ್ನ ಎಂದಿನ ದನಿಯಲ್ಲಿ, 'ಎಲ್ಲಾರ್ದೂ ಊಟ ಆಯ್ತೇನ್ರಪ್ಪಾ?' ಅಂದುಬಿಟ್ಟೆ. ಬೆಳಗಿನಿಂದ ಹಸಿದಿದ್ದ ಟಾಕೀಸಿಗೆ ಟಾಕೀಸೇ 'ಇಲ್ಲಾ!' ಅಂತ ಕೂಗಿತು. ಮೂಗ ಕೈಯಾಡಿಸಿದ. ಬಾಗಿಲು ಕಿರ್ರೆಂದು ಒಂದು ಗೇಣು ಸರಿದು ಅಲ್ಲೇ ನಿಂತಿತು.

ಬಾಗಿಲು ಹೀಗೆ ಅರ್ಧಕ್ಕೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ, ಜನ ಆ ಸಂದಿಗೆ ಮುಗಿಬಿದ್ದರು. ಸಂದಿ ಅಗಲವಾಗಲಿಲ್ಲ. 'ಇನ್ನೂ ಯಾರೋ ಒಬ್ರು ಬಾಕಿ ಅವ್ರೆ!' ಅಂತ ಆಚೆಯಿಂದ ಇಮಾಮ್ ಸಾಬರು ಕೂಗಿದರು. ಸರ್ವಮಂಗಳಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದರು. ಚನ್ನವೀರಪ್ಪನವರು ಕಂಬ ನೋಡುತ್ತಿದ್ದರು. 'ಏನ್ರೀ?' ಅಂದರು ಆಕೆ. ಅವರು ಗಂಟಲು ಸರಿಮಾಡಿಕೊಂಡು, 'ನಾನು ಸುಳ್ಳು ಹೇಳೋ ಪೈಕಿ ಅಲ್ಲ' ಅಂದರು. ಮಂಡಕ್ಕಿಯವನು ಖಾಲಿ ಬುಟ್ಟಿ ತಲೆ ಮೇಲಿಟ್ಟುಕೊಂಡೇ, 'ಇಂಟರ್‌ವಲ್ಲಲ್ಲಿ ಯಜಮಾನ್ರು ಆ ಕಂಬದ ಹಿಂದೆ ಎರಡು ಪ್ಲೇಟು ಮಿರ್ಚಿ ಮಂಡಕ್ಕಿ ತಗಂಡ್ರು' ಅಂದ.

ಎರಡೂ ಕಡೆಯವರು ಉಪವಾಸ ಬರಬೇಕಾದ ದಿನ! ನಗಬೇಕೋ ಬೇಡವೋ ತಿಳಿಯದೆ ಜನ ಒಬ್ಬರ ಮುಖ ಒಬ್ಬರು ನೋಡಿದರು. ಗವಾಕ್ಷಿಯಲ್ಲಿ ಬಿಸಿಲು ಹೆಚ್ಚುಕಮ್ಮಿ ಮುಗಿದಿತ್ತು. ದಾಕ್ಷಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಸರ್ವಮಂಗಳಮ್ಮ ಮಾತ್ರ ದನಿ ಏರಿಸದೆ, 'ನಲವತ್ತು ವರ್ಷದಿಂದ ಬಡಿಸ್ತಾ ಇದೀನಿ. ಮಿರ್ಚಿ ತಿಂದು ಬಂದು ಯಾವತ್ತಾದ್ರೂ ಊಟ ಬೇಡ ಅಂದಿದೀರಾ? ಮಿರ್ಚಿ ಊಟಾನಾ?' ಅಂದರು. ಚನ್ನವೀರಪ್ಪನವರು ಹೆಂಡತಿಯನ್ನು ನೋಡಿದರು, ಮಗನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. 'ಇಲ್ಲ' ಅಂದರು.

ಬಾಗಿಲು ಗೋಡೆಗೆ ಬಡಿಯುವಂತೆ ತೆರೆದುಕೊಂಡಿತು. ಬೀದಿಯಲ್ಲಿ ಇನ್ನೂ ದೀಪ ಹತ್ತಿರಲಿಲ್ಲ.

ಇಮಾಮ್ ಸಾಬರು ಸೀಮೆಸುಣ್ಣ ಹುಡುಕಿ, ಎಷ್ಟೋ ವರ್ಷದ ಮೇಲೆ ಹಲಗೆ ಒರೆಸಿ, 'ನಂದಿ ಏಳು' ಅನ್ನುವುದರ ಮುಂದೆ 'ಇಲ್ಲ' ಅಂತ ಬರೆದರು. ಅದನ್ನು ನೋಡಿ ಚನ್ನವೀರಪ್ಪನವರಿಗೆ ಮತ್ತೆ ಜೀವ ಬಂತು. 'ನೋಡ್ರಿ, ಬಾಗಿಲ ಮಾತು ಇಲ್ಲ ಅಂತಾಯ್ತು. ಇಲ್ಲ ಅಂದ್ಮೇಲೆ ಸಂಬಂಧ ಎಲ್ಲಿಂದ ಬಂತು?' ಊರವರು ಎರಡು ಪಂಗಡವಾದರು. ಬಾಗಿಲು ತೆರೆಯಿತಲ್ಲ ಅಂತ ಕೆಲವರು, ಮಾತು ನೋಡಬೇಕು ಅಂತ ಕೆಲವರು. 'ಜಗಳ ಆಮೇಲಾಡ್ರಿ, ಹೋಳಿಗೆ ಆರಿಹೋಗೈತೆ' ಅಂತ ನಾನು ಮುಂದೆ ನಡೆದೆ. ಹಸಿದವರು ಹೋಳಿಗೆ ಅಂದ ಮೇಲೆ ವಾದ ಮಾಡುವುದಿಲ್ಲ. ಹಿಂದೆಯೇ ಬಂದರು. ಹೋಳಿಗೆ ಮಾಡಿದ್ದು ಎರಡು ಮನೆಯವರಿಗೆ, ಬಂದದ್ದು ಅರ್ಧ ಟಾಕೀಸು. ಇದ್ದದ್ದನ್ನು ಹರಿದು ಹಂಚಿ, ಅನ್ನಕ್ಕೆ ಮತ್ತೊಂದು ಎಸರಿಟ್ಟು, ಹೋಳಿಗೆ ಸಾರನ್ನು ಕುದಿಯಲು ಬಿಟ್ಟೆ.

ಚನ್ನವೀರಪ್ಪನವರು ಎಲೆಯ ಮುಂದೆ ಬಿಗಿಯಾಗಿ ಕೂತಿದ್ದರು. ಅನ್ನಕ್ಕೆ ಸಾರು ಹಾಕಿದೆ. ಕಲಸಿದರು, ತುತ್ತು ಬಾಯಿಗಿಟ್ಟರು. ಪಂಕ್ತಿಯೆಲ್ಲ ಅವರ ಬಾಯನ್ನೇ ನೋಡುತ್ತಿತ್ತು, ಬಾಗಿಲ ಸಂದಿಯಿಂದ ದಾಕ್ಷಿಯೂ. ನಾನು ಸೌಟು ಹಿಡಿದು ಅಲ್ಲೇ ನಿಂತೆ. 'ಪರವಾಗಿಲ್ಲ' ಅಂದಾರು, ಅಂದು ಎದ್ದು ಹೊರಟಾರು ಅಂತ ಭಯ. ಅವರು ನುಂಗಿದರು. ತಲೆಯೆತ್ತದೆ, 'ಬೀಗಿತ್ತಿಯವರೇ, ಸಾರಿಗೆ ಉಪ್ಪು ಕಮ್ಮಿ' ಅಂದರು. ಪಂಕ್ತಿಯಲ್ಲಿ ಕೂತಿದ್ದ ವೃಷಭೇಂದ್ರ ನಕ್ಕುಬಿಟ್ಟ. ಒಳಗೆ ದಾಕ್ಷಿಯ ಕೈಯಿಂದ ಏನೋ ಠಣ್ಣೆಂದು ಬಿತ್ತು.

ನಾನು ಮಾಮೂಲಿನಂತೆ ಮುಂದಿನ ಎಲೆಗೆ ಹೊರಟಿದ್ದೆ. ದಾಕ್ಷಿ ಬಂದು ಸೌಟು ಕಸಿದುಕೊಂಡಳು. 'ಊಟ ಆಯ್ತಾ ಅವ್ವಾ?' ಅಂದಳು. ಟಾಕೀಸಿನಲ್ಲಿ ನನ್ನ ಕೈ ಬಿಟ್ಟು ತಿರುಗಿ ನಿಂತವಳು ಇವಳೇ. ಈಗ ಅವಳ ಕಣ್ಣು ತುಂಬಿತ್ತು. ಭುಜ ಹಿಡಿದು ಸರ್ವಮಂಗಳಮ್ಮನವರ ಪಕ್ಕದಲ್ಲಿ ಕೂರಿಸಿ, ಎಲೆ ಹಾಸಿ, ಹಬೆಯಾಡುವ ಅನ್ನ ಬಡಿಸಿ, ಮೇಲೆ ಸಾರು ಹಾಕಿದಳು. ನನ್ನ ಸಾರನ್ನು ಬಿಸಿಬಿಸಿಯಾಗಿ, ನಾಲ್ಕು ಜನರ ಜೊತೆ ಕೂತು, ಉಪ್ಪಿನಕಾಯಿಯ ಆಸರೆಯಿಲ್ಲದೆ ನಾನು ಎಂದೂ ಉಂಡಿರಲಿಲ್ಲ. ಕಲಸಿ ಒಂದು ತುತ್ತು ಬಾಯಿಗಿಟ್ಟೆ.

ಉಪ್ಪು ನಿಜಕ್ಕೂ ಕಮ್ಮಿ ಇತ್ತು.